ಕೊಲೆಸ್ಟರಾಲ್ ಗುಳಿಗೆಯ ಪಕ್ಕದ ಡಬ್ಬಿ

ನಮ್ಮ ಶಿರಸಿ ಕಡೆ ಮದುವೆ ಮನೆಯ ಪಂಕ್ತಿಯಲ್ಲಿ ಈಗೀಗ ಒಂದು ಮಾತು ತಪ್ಪದೆ ಬರುತ್ತದೆ. ಹೋಳಿಗೆಗೆ ತುಪ್ಪ ಹಾಕಲು ಬಂದವರಿಗೆ ಯಾರೋ ಒಬ್ಬರು ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಪಕ್ಕದವರು ‘ಏನು, ಕೊಲೆಸ್ಟರಾಲಾ?’ ಅಂತ ಕೇಳುತ್ತಾರೆ. ಅಲ್ಲಿಂದ ಶುರು. ಯಾರಿಗೆ ಎಷ್ಟು ಬಂತು, ಯಾವ ಡಾಕ್ಟರು ಯಾವ ಗುಳಿಗೆ ಕೊಟ್ಟರು, ಅದನ್ನು ತಗೊಂಡ ಮೇಲೆ ಕಾಲು ಹೇಗೆ ಸೆಳೆಯತೊಡಗಿತು. ಮಜ್ಜಿಗೆ ಬರುವಷ್ಟರಲ್ಲಿ ಒಬ್ಬರು ತೀರ್ಪು ಕೊಟ್ಟಾಗಿರುತ್ತದೆ: ‘ಆ ಗುಳಿಗೆ ಬಿಟ್ಟುಬಿಡಿ, ಅದು ಮಾಂಸಖಂಡ ತಿಂತದೆ. ನಾನು ಬಿಟ್ಟು ಆರಾಮಿದ್ದೇನೆ.’

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗುಳಿಗೆಯ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರ ಪಕ್ಕದಲ್ಲೇ ಕೂತಿರುವ ಡಬ್ಬಿಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಮಗಳು ಬೆಂಗಳೂರಿನಿಂದ ಕಳಿಸಿದ್ದು, ಟಿವಿಯಲ್ಲಿ ನೋಡಿ ತರಿಸಿದ್ದು, ಪಕ್ಕದ ಮನೆಯವರು ‘ನಂಗೆ ಭಾರೀ ಒಳ್ಳೇದಾಯ್ತು’ ಅಂತ ಕೊಟ್ಟಿದ್ದು. ತೊಂದರೆ ಬಂದಾಗ ಡಾಕ್ಟರು ಬರೆದುಕೊಟ್ಟ ಗುಳಿಗೆ ಮೊದಲು ಬಿಟ್ಟು ಹೋಗುತ್ತದೆ. ಯಾರೂ ಬರೆದುಕೊಡದ ಡಬ್ಬಿ ಹಾಗೇ ಮುಂದುವರಿಯುತ್ತದೆ.

ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ಎಪ್ಪತ್ತರ ಹತ್ತಿರದ ವಯಸ್ಸು. ಹಾರ್ಟಿಗೆ ಸ್ಟೆಂಟ್ ಹಾಕಿದೆ. ರಾತ್ರಿ ಊಟದ ನಂತರ ಅಟೋರ್ವಾಸ್ಟಾಟಿನ್ ಅನ್ನುವ ಕೊಲೆಸ್ಟರಾಲ್ ಗುಳಿಗೆ. ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ. ಒಂದು ಮಳೆಗಾಲ ಮುಗಿದ ಮೇಲೆ, ತೋಟದಿಂದ ಮನೆಗೆ ಹತ್ತುವ ದರೆಯಲ್ಲಿ ಅರ್ಧಕ್ಕೇ ಕೂರತೊಡಗಿದರು. ಎರಡೂ ತೊಡೆ ಭಾರ, ಒತ್ತಿದರೆ ನೋವು. ಕೂತಲ್ಲಿಂದ ಏಳಬೇಕಾದರೆ ಕೈ ಊರಲೇಬೇಕು. ಅತ್ತೆ ಎಣ್ಣೆ ಕಾಯಿಸಿ ತಿಕ್ಕಿದರು. ಕಡಿಮೆ ಆಗಲಿಲ್ಲ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ, ಗುಳಿಗೆ ಬಿಡಿ.

ನಾನು ಹೋದಾಗ ಅವರೂ ಅದೇ ಯೋಚನೆಯಲ್ಲಿದ್ದರು. ಬೇರೆ ಏನಾದರೂ ತಗೊಳ್ತಾ ಇದ್ದೀರಾ ಅಂತ ಕೇಳಿದೆ. ‘ಎಂತದೂ ಇಲ್ಲೆ ತಮಾ’ ಅಂದರು. ಸ್ವಲ್ಪ ಹೊತ್ತಿನ ಮೇಲೆ ಶೆಲ್ಫಿನ ಕಡೆ ಕೈ ತೋರಿಸಿ, ‘ಆ ಡಬ್ಬಿದು ಔಷಧ ಅಲ್ದ, ಶಕ್ತಿಗೆ ತಗಂಬದು’ ಅಂದರು. ಶೆಲ್ಫಿನಲ್ಲಿ ಪಂಚಾಂಗದ ಪಕ್ಕ ಮೂರು ಡಬ್ಬಿ ಇದ್ದವು. ಒಂದು ಮೀನೆಣ್ಣೆಯದು. ಇನ್ನೊಂದು ಅರಿಶಿನ ಮತ್ತು ಕಾಳುಮೆಣಸಿನ ಸಾರದ್ದು. ಮೂರನೆಯದು ದೊಡ್ಡದು, ಮೇಲೆ ಕೆಂಪು ಹೃದಯದ ಚಿತ್ರ. ಅಮೆರಿಕದಲ್ಲಿರುವ ನೆಂಟರು ಊರಿಗೆ ಬರುವವರ ಕೈಲಿ ಪ್ರೀತಿಯಿಂದ ಕಳಿಸಿದ್ದು. ಹಿಂಭಾಗದ ಅಕ್ಷರ ಎಷ್ಟು ಸಣ್ಣದೆಂದರೆ ಮೊಬೈಲ್ ಟಾರ್ಚ್ ಹಾಕಿ, ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ಓದಬೇಕಾಯಿತು. ಬೆಳ್ಳುಳ್ಳಿ ಸಾರ, ನಿಯಾಸಿನ್, ಕೋಎನ್‌ಜೈಮ್ ಕ್ಯೂ10. ಇವುಗಳ ಮಧ್ಯೆ ಒಂದು ಸಾಲು: ರೆಡ್ ಈಸ್ಟ್ ರೈಸ್.

ಮರುದಿನ ಮೂರೂ ಡಬ್ಬಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಲೇಬಲ್ ಓದಿ, ‘ನೀವು ಎರಡೆರಡು ಕೊಲೆಸ್ಟರಾಲ್ ಗುಳಿಗೆ ತಗೊಳ್ತಾ ಇದ್ದೀರಿ’ ಅಂದರು. ಮಾಂಸಖಂಡಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಸಿಕೆ ಅನ್ನುವ ಅಂಶವನ್ನು ಪರೀಕ್ಷೆ ಮಾಡಿಸಿದರು. ಅದು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಕೆಲವು ವಾರ ಎಲ್ಲವನ್ನೂ ನಿಲ್ಲಿಸಿ, ಸಿಕೆ ಇಳಿದ ಮೇಲೆ ಅಟೋರ್ವಾಸ್ಟಾಟಿನ್ ಒಂದನ್ನೇ ಕಡಿಮೆ ಪ್ರಮಾಣದಲ್ಲಿ ಮತ್ತೆ ಕೊಟ್ಟರು. ನೋವು ಮರಳಿ ಬರಲಿಲ್ಲ.

ಎರಡೆರಡು ಗುಳಿಗೆ ಅಂತ ಡಾಕ್ಟರು ಹೇಳಿದ್ದು ಅಕ್ಷರಶಃ ನಿಜ. ಅದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಅಕಿರಾ ಎಂಡೊ ಅಂತ ಜಪಾನಿನ ವಿಜ್ಞಾನಿ. ಲಿವರ್ ತಾನೇ ಕೊಲೆಸ್ಟರಾಲ್ ತಯಾರಿಸುವ ಕೆಲಸವನ್ನು ತಡೆಯುವ ವಸ್ತು ಯಾವುದಾದರೂ ಬೂಷ್ಟಿನಲ್ಲಿ ಸಿಗಬಹುದು ಅಂತ ಅವರು ನಂಬಿದ್ದರು. ಸುಮಾರು 6,000 ಬಗೆಯ ಬೂಷ್ಟುಗಳನ್ನು ಪರೀಕ್ಷೆ ಮಾಡಿದರು. 1973ರಲ್ಲಿ, ಕ್ಯೋಟೋದ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ ಅದು ಸಿಕ್ಕಿತು. ಮಾವನ ಅಟೋರ್ವಾಸ್ಟಾಟಿನ್ ಸೇರಿ, ಸ್ಟಾಟಿನ್ ಅನ್ನುವ ಕೊಲೆಸ್ಟರಾಲ್ ಗುಳಿಗೆಗಳ ಇಡೀ ಗುಂಪು ಹುಟ್ಟಿದ್ದು ಅಲ್ಲಿಂದ. ಅದೇ ಎಂಡೊ 1979ರಲ್ಲಿ ಕೆಂಪು ಬಣ್ಣದ ಇನ್ನೊಂದು ಬೂಷ್ಟಿನಿಂದ ಮೊನಾಕೋಲಿನ್ ಕೆ ಅನ್ನುವ ವಸ್ತು ತೆಗೆದರು. ಅತ್ತ ಅಮೆರಿಕದಲ್ಲಿ ಬೇರೊಂದು ಬೂಷ್ಟಿನಿಂದ ಲೋವಾಸ್ಟಾಟಿನ್ ತೆಗೆದಿದ್ದರು. ಅದಕ್ಕೆ 1987ರಲ್ಲಿ ಅಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ನೋಡಿದರೆ ಎರಡೂ ಒಂದೇ ವಸ್ತು! ಎಂಡೊ ಅವರು 2024ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತಿನಲ್ಲಿ ಎಷ್ಟು ಲಕ್ಷ ಹೃದಯಗಳು ಅವರ ಋಣದಲ್ಲಿವೆಯೋ.

ರೆಡ್ ಈಸ್ಟ್ ರೈಸ್ ಅಂದರೆ ಆ ಕೆಂಪು ಬೂಷ್ಟು ಬೆಳೆಸಿದ ಅಕ್ಕಿ. ಚೀನಾ, ಜಪಾನಿನ ಅಡುಗೆಮನೆಯಲ್ಲಿ ಹಿಂದಿನಿಂದಲೂ ಇದೆ. ಅದರ ಸಾರ ತೆಗೆದು ಕ್ಯಾಪ್ಸೂಲ್‌ಗೆ ತುಂಬಿದರೆ ಅದು ಬರೀ ಅಕ್ಕಿಯಾಗಿ ಉಳಿಯುವುದಿಲ್ಲ. ಒಂದು ಕಂಪನಿಯ ಡಬ್ಬಿಯಲ್ಲಿ ಮೊನಾಕೋಲಿನ್ ಹೆಸರಿಗೂ ಇರುವುದಿಲ್ಲ, ಇನ್ನೊಂದರಲ್ಲಿ ಗುಳಿಗೆಯಷ್ಟೇ ಇರುತ್ತದೆ. ಯಾವುದರಲ್ಲಿ ಎಷ್ಟು ಅಂತ ಲೇಬಲ್ ನೋಡಿ ಹೇಳಲು ಬರುವುದಿಲ್ಲ. ಯುರೋಪಿನಲ್ಲಿ 2022ರಲ್ಲಿ ಮೊನಾಕೋಲಿನ್ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಅಂತ ಕಾನೂನು ಮಾಡಿದರು. ಕೊಲೆಸ್ಟರಾಲ್ ಔಷಧಿ ತಗೊಳ್ಳುವವರು ಇದನ್ನು ತಿನ್ನಬಾರದು ಅಂತ ಡಬ್ಬಿ ಮೇಲೆ ಬರೆಯಬೇಕು ಅಂತಲೂ ಹೇಳಿದರು. ಜಪಾನಿನಲ್ಲೇ 2024ರಲ್ಲಿ ಈ ಅಕ್ಕಿಯ ಪೂರಕ, ಅಂದರೆ ಇಂಥ ಡಬ್ಬಿಯ ಗುಳಿಗೆ ತಿಂದ ಅನೇಕರ ಕಿಡ್ನಿ ಹಾಳಾಯಿತು. ತಯಾರಿಸುವಾಗ ಬೇರೆ ಬೂಷ್ಟು ಸೇರಿಕೊಂಡಿತ್ತು.

ಇದು ಒಂದೇ ಗುಂಪಿನ ಔಷಧಿ ಎರಡು ಸಲ ಹೊಟ್ಟೆಗೆ ಹೋದ ಕಥೆ. ಇನ್ನೊಂದು ಬಗೆಯ ತೊಂದರೆ ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ನಾವು ನುಂಗಿದ ಸಿಮ್ವಾಸ್ಟಾಟಿನ್ ಅಥವಾ ಅಟೋರ್ವಾಸ್ಟಾಟಿನ್ ಪೂರ್ತಿ ರಕ್ತಕ್ಕೆ ಹೋಗುವುದಿಲ್ಲ. ಕರುಳಿನ ಗೋಡೆಯಲ್ಲಿ ಮತ್ತು ಲಿವರಿನಲ್ಲಿ ಇರುವ ಒಂದು ಕಿಣ್ವ ಅದರ ದೊಡ್ಡ ಪಾಲನ್ನು ಮುಂಚೆಯೇ ಒಡೆದು ಹಾಕುತ್ತದೆ. ಡಾಕ್ಟರು 20 ಅಥವಾ 40 ಮಿಲಿಗ್ರಾಂ ಅಂತ ಬರೆಯುವುದು ಈ ಸೋಸುವಿಕೆಯನ್ನು ಲೆಕ್ಕ ಹಿಡಿದೇ. ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಭರತದ ಹೊತ್ತಿಗೆ ಉಪ್ಪುನೀರು ಎಷ್ಟು ಒಳಗೆ ಬರಬೇಕು ಅನ್ನುವುದನ್ನು ಕಟ್ಟಿನ ಬಾಗಿಲು ತೀರ್ಮಾನಿಸುತ್ತದೆ. ಆ ಹಲಗೆ ಮುರಿದರೆ ಸಮುದ್ರ ಜಾಸ್ತಿ ಆಗಿರುವುದಿಲ್ಲ, ಆದರೂ ಗದ್ದೆ ತುಂಬಾ ಉಪ್ಪುನೀರು. ಹೊಸ ಹಲಗೆ ಕೂರಿಸುವ ತನಕ ಅದೇ ಪಾಡು.

ಕರುಳಿನ ಈ ಬಾಗಿಲನ್ನು, ಅಂದರೆ ಆ ಕಿಣ್ವವನ್ನು ಮುರಿಯುವ ವಸ್ತುಗಳಲ್ಲಿ ಪ್ರಸಿದ್ಧವಾದದ್ದು ಗ್ರೇಪ್‌ಫ್ರೂಟ್ ಅನ್ನುವ ಹಣ್ಣು. ನಮ್ಮಲ್ಲಿ ಅದನ್ನು ಬೆಳೆಯುವವರು ಕಡಿಮೆ. ಆದರೆ ಅದು ಚಕ್ಕೋತ ಮತ್ತು ಕಿತ್ತಳೆ ಸೇರಿ ಹುಟ್ಟಿದ ಹಣ್ಣು, ಮತ್ತು ಬಾಗಿಲು ಮುರಿಯುವ ಅದೇ ವಸ್ತು ಚಕ್ಕೋತದಲ್ಲೂ ಇದೆ. ತಳಿಯಿಂದ ತಳಿಗೆ ಪ್ರಮಾಣ ಬೇರೆ. ಕಿಣ್ವ ಮತ್ತೆ ಹೊಸದಾಗಿ ತಯಾರಾಗಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಗುಳಿಗೆ ನುಂಗಿದರೆ ಸರಿಹೋಗುತ್ತದೆ ಅನ್ನುವುದು ನಿಜವಲ್ಲ. ಹಾಗಂತ ಚೌತಿಗೆ ಗಣಪತಿ ಮುಂದೆ ಕಟ್ಟಿದ ಫಲಾವಳಿಯ ಚಕ್ಕೋತವನ್ನು ಮನೆಯವರೆಲ್ಲ ಹಂಚಿಕೊಂಡು ಎರಡು ಸೊಳೆ ತಿಂದರೆ ಹೆದರಬೇಕಿಲ್ಲ. ದಿನಾ ಜ್ಯೂಸ್ ಮಾಡಿ ಕುಡಿಯುವ ಅಭ್ಯಾಸ ಇದ್ದರೆ ಮಾತ್ರ ಡಾಕ್ಟರಿಗೆ ಹೇಳಿ. ಸಿಮ್ವಾಸ್ಟಾಟಿನ್ ತಗೊಳ್ಳುವವರಂತೂ ಹೇಳಲೇಬೇಕು. ರೋಸುವಾಸ್ಟಾಟಿನ್ ಈ ದಾರಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಈ ತಾಪತ್ರಯ ಇಲ್ಲ.

ಅರಿಶಿನ ಮತ್ತು ಕಾಳುಮೆಣಸು ನಮ್ಮ ತೋಟದ್ದೇ ಅಲ್ವಾ, ಅದರಲ್ಲೇನು ಅಪಾಯ ಅಂತ ಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಅಧ್ಯಯನ ಪ್ರಕಟಿಸಿದರು. ಅರಿಶಿನದ ಕರ್ಕ್ಯುಮಿನ್ ಒಂದನ್ನೇ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದರ ಜೊತೆ 20 ಮಿಲಿಗ್ರಾಂ ಪಿಪರೀನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟಾಗ ಅದು ಶೇಕಡಾ 2,000ದಷ್ಟು ಏರಿತು. ಜಗತ್ತಿನ ಅರಿಶಿನ ಕ್ಯಾಪ್ಸೂಲ್‌ಗಳಿಗೆಲ್ಲ ಮೆಣಸಿನ ಸಾರ ಸೇರಿದ್ದು ಇಂಥ ಫಲಿತಾಂಶದಿಂದಲೇ. ಪಿಪರೀನ್ ಅರಿಶಿನಕ್ಕೊಂದೇ ದಾರಿ ಬಿಡುತ್ತದೆ ಅಂತಿಲ್ಲ. ಔಷಧಿಗಳನ್ನು ಒಡೆಯುವ ಅದೇ ಕಿಣ್ವವನ್ನೂ ಅದು ತಡೆಯಬಲ್ಲದು. ಸಾರಿಗೆ ಹಾಕುವ ಮೆಣಸಿನ ಪುಡಿ ಬೇರೆ, ಸಾರ ತೆಗೆದು ದಿನಾ ನುಂಗುವ ಕ್ಯಾಪ್ಸೂಲ್ ಬೇರೆ. ಈಚಿನ ವರ್ಷಗಳಲ್ಲಿ ಅರಿಶಿನದ ಕ್ಯಾಪ್ಸೂಲ್‌ನಿಂದ ಲಿವರ್ ಊದಿಕೊಂಡ ಪ್ರಕರಣಗಳನ್ನು ಅಮೆರಿಕ, ಇಟಲಿಯ ವೈದ್ಯರು ವರದಿ ಮಾಡಿದ್ದಾರೆ. ಸ್ಟಾಟಿನ್ ತಗೊಳ್ಳುವವರ ಲಿವರ್ ರಿಪೋರ್ಟ್ ಏರುಪೇರಾದರೆ ಎಲ್ಲರ ಕಣ್ಣು ಸ್ಟಾಟಿನ್ ಮೇಲೇ ಹೋಗುತ್ತದೆ. ಅರಿಶಿನವನ್ನು ಯಾರು ಅನುಮಾನಿಸುತ್ತಾರೆ ಹೇಳಿ?

ಈಗ ಉಪ್ಪಾಗೆ. ಇದರ ಬಗ್ಗೆ ಬರೆಯದೆ ನನಗೆ ಮನಸ್ಸು ತಡೆಯುವುದಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಕಾಡಲ್ಲಿ ಬೆಳೆಯುವ ಮರ. ನಮ್ಮ ಮನೆಗಳಲ್ಲಿ ಅದರ ಹುಳಿ ಕಾಯಿಸಿ ಇಡುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಮಳೆಗಾಲದಲ್ಲೇ ಹಣ್ಣಾಗುವುದರಿಂದ ಬಿಸಿಲಿಗೆ ಒಣಗಿಸಲು ಆಗುವುದಿಲ್ಲ. ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು. ಮನೆ ತುಂಬಾ ಹೊಗೆ, ಹುಳಿ ವಾಸನೆ, ಕಪ್ಪಾಗಿ ಮುದುರಿದ ಸಿಪ್ಪೆಯ ರಾಶಿ. ಒಂದು ಕಾಲದಲ್ಲಿ ಅದು ಮನೆ ಬಳಕೆಗಷ್ಟೇ ಇತ್ತು. ಆಮೇಲೆ ಹೊರದೇಶದಲ್ಲಿ ಅದರ ಸಾರಕ್ಕೆ ಬೇಡಿಕೆ ಬಂತು, ಕಾಡಿನ ಬಡವರಿಗೆ ಮಳೆಗಾಲದಲ್ಲಿ ಒಂದಿಷ್ಟು ದುಡ್ಡು ಕಂಡಿತು, ಮರದ ಕೊಂಬೆ ಕಡಿದು ಕೊಯ್ಯುವುದೂ ಶುರುವಾಯಿತು. ಆ ಸಿಪ್ಪೆ ಹೋಗುವುದು ತೂಕ ಇಳಿಸುವ ಕ್ಯಾಪ್ಸೂಲ್‌ಗೆ. ಡಬ್ಬಿ ಮೇಲೆ ಗಾರ್ಸಿನಿಯಾ ಕಾಂಬೋಜಿಯಾ ಅಂತ ಬರೆದಿರುತ್ತದೆ. ನಮ್ಮ ಉಪ್ಪಾಗೆಯೇ ಅದು.

ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗುವ ಹಾದಿಯಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಕೊಲೆಸ್ಟರಾಲ್ ತಯಾರಾಗುವುದೂ ಅದೇ ಹಾದಿಯಲ್ಲಿ, ಸ್ಟಾಟಿನ್ ತಡೆಯುವ ಜಾಗಕ್ಕಿಂತ ಸ್ವಲ್ಪ ಹಿಂದೆ. ಬೆಂಪೆಡೋಯಿಕ್ ಆಮ್ಲ ಅಂತ 2020ರಲ್ಲಿ ಬಂದ ಹೊಸ ಕೊಲೆಸ್ಟರಾಲ್ ಔಷಧಿ ಕೆಲಸ ಮಾಡುವುದೂ ಇದೇ ಕಿಣ್ವದ ಮೇಲೆ. ಅಷ್ಟಾಗಿಯೂ ಉಪ್ಪಾಗೆ ಸಾರದಿಂದ ತೂಕ ಇಳಿಯಿತಾ? 1998ರಲ್ಲಿ 135 ಜನರ ಮೇಲೆ 12 ವಾರ ನೋಡಿದರು. ಖಾಲಿ, ಅಂದರೆ ಔಷಧಿ ಇಲ್ಲದ ಕ್ಯಾಪ್ಸೂಲ್ ತಿಂದವರಿಗಿಂತ ಇವರ ತೂಕವೇನೂ ಜಾಸ್ತಿ ಇಳಿದಿರಲಿಲ್ಲ. ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರ ವರದಿಗಳು ಮಾತ್ರ ಹಲವು ದೇಶಗಳಿಂದ ಬಂದಿವೆ. ಕೆಲವರಿಗೆ ಲಿವರ್ ಕಸಿಯೇ ಬೇಕಾಯಿತು. ಮನೆಯ ಉಪ್ಪಾಗೆ ಹುಳಿ ಹಾಕಿದ ಅಡುಗೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆದರೆ ನಮ್ಮ ಕಾಡಿನಿಂದ ಹೋದ ಸಿಪ್ಪೆ ಕ್ಯಾಪ್ಸೂಲ್ ಆಗಿ, ದುಬಾರಿ ಡಬ್ಬಿಯಲ್ಲಿ ನಮ್ಮೂರಿನ ಹಿರಿಯರ ಶೆಲ್ಫಿಗೇ ವಾಪಸ್ ಬಂದು, ಸ್ಟಾಟಿನ್ ಜೊತೆ ಒಂದೇ ಲಿವರ್ ಮೇಲೆ ಭಾರ ಹಾಕುವುದು ನೋಡಿದರೆ ಬೇಜಾರಾಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನಿಯಾಸಿನ್ ಅಂದರೆ ಬಿ3 ವಿಟಮಿನ್. ಊಟದಲ್ಲಿ ಸಿಗುವಷ್ಟು ಬೇಕೇ ಬೇಕು. ಗ್ರಾಂ ಲೆಕ್ಕದಲ್ಲಿ ಸ್ಟಾಟಿನ್ ಜೊತೆ ಕೊಟ್ಟು 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಹೃದಯಕ್ಕೆ ಲಾಭವಿಲ್ಲ, ಮಾಂಸಖಂಡದ ತೊಂದರೆ, ಸಕ್ಕರೆ ಕಾಯಿಲೆ, ರಕ್ತಸ್ರಾವ ಎಲ್ಲ ಜಾಸ್ತಿ. ಮೀನೆಣ್ಣೆ ಸ್ಟಾಟಿನ್ ಜೊತೆ ಜಗಳ ಆಡುವುದಿಲ್ಲ, ಆದರೆ ರಕ್ತ ತೆಳು ಮಾಡುವ ಗುಳಿಗೆ ಇದ್ದವರು ಕೇಳಿಯೇ ತಗೊಳ್ಳಬೇಕು. ಕಾರವಾರದ ಪೇಟೆಯಲ್ಲಿ ತಾಜಾ ಬಂಗಡೆ, ತಾರ್ಲೆ ಸಿಗುವಾಗ ಮೀನು ತಿನ್ನುವವರು ಡಬ್ಬಿಗೆ ಯಾಕೆ ದುಡ್ಡು ಸುರಿಯಬೇಕು ಅಂತ ನನಗೆ ಅನಿಸುತ್ತದೆ. ಗ್ಯಾಸ್‌ಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಶಿಯಂ ಇರುವ ಸಿರಪ್ ಅನ್ನು ರೋಸುವಾಸ್ಟಾಟಿನ್ ಜೊತೆಯಲ್ಲೇ ಕುಡಿದರೆ ಔಷಧಿಯ ಅರ್ಧದಷ್ಟು ಮೈಗೆ ಹಿಡಿಯುವುದೇ ಇಲ್ಲ. ಗುಳಿಗೆ ಮೊದಲು ತಗೊಂಡು, ಎರಡು ತಾಸು ಬಿಟ್ಟು ಸಿರಪ್ ಕುಡಿದರೆ ಆಯ್ತು. ಇದನ್ನು ಎಷ್ಟು ಜನರಿಗೆ ಯಾರು ಹೇಳಿದ್ದಾರೆ?

ಸ್ಟಾಟಿನ್ ನೋವಿಗೆ ವಿಟಮಿನ್ ಡಿ ಒಳ್ಳೆಯದು ಅಂತಲೂ ಮಾತಿದೆ. 2022ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟಾಟಿನ್ ಶುರು ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದರು. ವಿಟಮಿನ್ ಡಿ ತಗೊಂಡವರಲ್ಲೂ, ಖಾಲಿ ಗುಳಿಗೆ ತಗೊಂಡವರಲ್ಲೂ ನೋವು ಹೇಳಿದವರು ಶೇಕಡಾ 31. ಅದೇ ವರ್ಷ ಇನ್ನೊಂದು ಅಧ್ಯಯನದಲ್ಲಿ 5 ಮಿಲಿಗ್ರಾಂ ರೋಸುವಾಸ್ಟಾಟಿನ್ ಅನ್ನು ಆರು ಬಗೆಯ ಪೂರಕಗಳ ಪಕ್ಕ ಇಟ್ಟು 28 ದಿನ ನೋಡಿದರು. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯದ ಸ್ಟೆರಾಲ್, ರೆಡ್ ಈಸ್ಟ್ ರೈಸ್. ಗುಳಿಗೆಯಿಂದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಸುಮಾರು ಶೇಕಡಾ 38 ಇಳಿಯಿತು. ಪೂರಕಗಳಲ್ಲಿ ಒಂದೂ ಖಾಲಿ ಗುಳಿಗೆಗಿಂತ ಮೇಲೆ ಅನಿಸಲಿಲ್ಲ. ರೆಡ್ ಈಸ್ಟ್ ರೈಸ್ ಕೂಡ ಅಲ್ಲಿ ಕೆಲಸ ಮಾಡಲಿಲ್ಲ, ಇಲ್ಲಿ ಮಾವನ ತೊಡೆ ಹಿಡಿಯಿತು. ಯಾವ ಡಬ್ಬಿಯಲ್ಲಿ ಎಷ್ಟಿದೆ ಅಂತ ಗೊತ್ತಾಗದೇ ಇರುವುದರ ಅರ್ಥ ಇದೇ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಸ್ಟಾಟಿನ್ ತಗೊಳ್ಳುವವರ ಕಾಲುನೋವೆಲ್ಲ ಡಬ್ಬಿಯಿಂದ ಬಂದದ್ದಲ್ಲ, ಗುಳಿಗೆಯಿಂದಲೂ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ, ತೊಂದರೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ 12 ಬಾಟಲಿ ಕೊಟ್ಟರು. ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧಿ ಇಲ್ಲದ ಗುಳಿಗೆ, ನಾಲ್ಕು ಬಾಟಲಿ ಪೂರ್ತಿ ಖಾಲಿ. ದಿನಾ ನೋವಿನ ಲೆಕ್ಕ ಬರೆಸಿದರು. 2020ರಲ್ಲಿ ಫಲಿತಾಂಶ ಬಂತು: ಸ್ಟಾಟಿನ್ ತಿಂಗಳುಗಳ ತೊಂದರೆಯಲ್ಲಿ ಶೇಕಡಾ 90ರಷ್ಟು, ಔಷಧಿ ಇಲ್ಲದ ಗುಳಿಗೆಯ ತಿಂಗಳುಗಳಲ್ಲೂ ಇತ್ತು. ಆ ಜನರ ನೋವು ಸುಳ್ಳಲ್ಲ. ನೋವು ಬಂದೇ ಬರುತ್ತದೆ ಅಂತ ಪಂಕ್ತಿಯಲ್ಲಿ ಕೇಳಿ ಕೇಳಿ ಗುಳಿಗೆ ನುಂಗಿದರೆ ಮೈ ಅದನ್ನೇ ಕಾಯುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಕಾಲು ನೋಯುತ್ತದೆ, ಅದೇ ಥೈರಾಯ್ಡ್ ಕೊಲೆಸ್ಟರಾಲ್ ಅನ್ನೂ ಏರಿಸುತ್ತದೆ. ಅದಕ್ಕೇ ನೋವು ಬಂದಾಗ ಯಾವುದು ಕಾರಣ ಅಂತ ಹುಡುಕಬೇಕಾದವರು ಎಲ್ಲ ಮಾಹಿತಿ ಕೈಲಿರುವ ಡಾಕ್ಟರು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಗುಳಿಗೆ ಬಿಟ್ಟರೆ ಅಪಾಯ ಕಾಲಿಗಲ್ಲ, ಎದೆಗೆ.

ಆದರೆ ಎಲ್ಲ ಮಾಹಿತಿ ಯಾರ ಕೈಲಿದೆ? ಇದು ನಮ್ಮ ಜಿಲ್ಲೆಯ ದೊಡ್ಡ ಸಮಸ್ಯೆ. ಹಾರ್ಟಿಗೆ ಮಣಿಪಾಲ ಅಥವಾ ಹುಬ್ಬಳ್ಳಿ, ಕಾರವಾರದವರಾದರೆ ಗೋವಾ. ಶುಗರ್‌ಗೆ ಊರಿನ ಡಾಕ್ಟರು. ಮೊಣಕಾಲಿಗೆ ಆಯುರ್ವೇದ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಚೀಟಿ ಸಿಕ್ಕರೆ ಮಾತ್ರ. ಪೂರಕಗಳಿಗೆ ಆ ಚೀಟಿಯೂ ಇಲ್ಲ. ನಮ್ಮ ದೇಶದಲ್ಲಿ ಅವು ಕಾನೂನಿನ ಪ್ರಕಾರ ಆಹಾರ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬರುತ್ತವೆ. ಔಷಧಿಯಾಗಿ ಬಳಸಲು ಅಲ್ಲ ಅಂತ ಡಬ್ಬಿ ಮೇಲೆ ಬರೆದಿರಬೇಕು. ಆದರೆ ಕೊಳ್ಳುವವರು ಕೊಳ್ಳುವುದೇ ಔಷಧಿ ಅಂತ, ಡಾಕ್ಟರಿಗೆ ಹೇಳದೆ ಬಿಡುವುದು ಆಹಾರ ಅಂತ.

ಹೇಳದೇ ಇರಲು ಇನ್ನೊಂದು ಕಾರಣವೂ ಇದೆ. ಬೈಗುಳದ ಹೆದರಿಕೆ. ‘ಇದನ್ನೆಲ್ಲ ಯಾರು ತಗೊಳ್ಳೋಕೆ ಹೇಳಿದ್ದು?’ ಅಂತ ಒಂದು ಸಲ ಗದರಿಸಿಕೊಂಡವರು ಇನ್ನೊಂದು ಸಲ ಬಾಯಿ ಬಿಡುವುದಿಲ್ಲ. ಅದೂ ವಯಸ್ಸಾದವರು, ಮಗಳ ವಯಸ್ಸಿನ ಡಾಕ್ಟರ ಎದುರು. ಕೇಳುವವರು ಮೆತ್ತಗೆ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಔಷಧಿ ಅಂಗಡಿಯವರೂ ಇದರಲ್ಲಿ ದೊಡ್ಡ ಪಾಲು ಹೊರಬಹುದು. ಸ್ಟಾಟಿನ್ ಸ್ಟ್ರಿಪ್ ಮತ್ತು ಶಕ್ತಿಯ ಡಬ್ಬಿ ಎಷ್ಟೋ ಸಲ ಒಂದೇ ಕೌಂಟರಿನಲ್ಲಿ, ಒಂದೇ ಬಿಲ್ಲಿನಲ್ಲಿ ಹೋಗುತ್ತವೆ. ‘ಎರಡೂ ಒಬ್ಬರಿಗೇನಾ?’ ಅಂತ ಒಂದು ಮಾತು ಕೇಳಿದರೆ ಸಾಕು.

ಮನೆಯವರು ಮಾಡಬಹುದಾದದ್ದು ಸುಲಭ. ಡಾಕ್ಟರ ಹತ್ತಿರ ಹೋಗುವ ದಿನ ಶೆಲ್ಫಿನಲ್ಲಿರುವ ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ. ಗುಳಿಗೆ, ಡಬ್ಬಿ, ಲೇಹ್ಯ, ಪುಡಿ, ಸಿರಪ್, ಯಾವುದನ್ನೂ ಆರಿಸಬೇಡಿ. ಹೆಸರು ನೆನಪಿಟ್ಟುಕೊಂಡು ಹೇಳುತ್ತೇನೆ ಅನ್ನಬೇಡಿ, ಲೇಬಲ್ಲೇ ಕಾಣಬೇಕು. ಯಾವುದು ಯಾವಾಗ ಶುರುವಾಯಿತು ಅನ್ನುವುದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ನೋವು ಶುರುವಾದ ದಿನದ ಹಿಂದೆಮುಂದೆ ಹೊಸದಾಗಿ ಮನೆಗೆ ಬಂದದ್ದು ಏನು ಅಂತ ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಎರಡೂ ತೊಡೆ, ಎರಡೂ ಭುಜ ಒಟ್ಟಿಗೆ ನೋಯತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಒಂದು ಫೋನ್ ಮಾಡಿ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ, ಜೊತೆಗೆ ಏಳಲಾರದಷ್ಟು ನಿತ್ರಾಣವಾದರೆ, ಫೋನ್ ಮಾಡುತ್ತಲೂ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಾಂಸಖಂಡ ಕರಗಿ ಕಿಡ್ನಿಗೆ ಹೊಡೆತ ಬೀಳುತ್ತಿರುವ ಲಕ್ಷಣ ಅದು. ತೀರಾ ಅಪರೂಪ. 2001ರಲ್ಲಿ ಸೆರಿವಾಸ್ಟಾಟಿನ್ ಅನ್ನುವ ಗುಳಿಗೆಯನ್ನು ಜಗತ್ತಿನ ಪೇಟೆಗಳಿಂದ ವಾಪಸ್ ತಗೊಂಡಿದ್ದು ಇಂಥ ಸಾವುಗಳಿಂದಲೇ. ಹಾಗೆ ತೀರಿಕೊಂಡವರಲ್ಲಿ ಅನೇಕರು ಜೊತೆಗೆ ಇನ್ನೊಂದು ಕೊಬ್ಬಿನ ಔಷಧಿಯನ್ನೂ ತಗೊಳ್ಳುತ್ತಿದ್ದರು. ಅಂಥ ದಿನ ಯಾವುದೇ ಹೊತ್ತಾಗಲಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಹೋಗುವಾಗ ಆ ಚೀಲವೂ ಜೊತೆಗಿರಲಿ.